ಎಡಸೀಟಿನ ಬ್ರೇಕು, ಇಂಗ್ಲೆಂಡಿನ ಏಳು ಸುತ್ತು

ಶಿರಸಿ, ಯಲ್ಲಾಪುರ ನಾಕೆ

ಇಂಗ್ಲೆಂಡಿಗೆ ಹೋಗಿ ಬಂದವರು ಅಲ್ಲಿಯ ಅರಮನೆಯ ಬಗ್ಗೆ ಬರೆಯುತ್ತಾರೆ. ನಾನೂ ಅರಮನೆಯ ಎದುರು ಅರ್ಧ ತಾಸು ನಿಂತಿದ್ದೆ. ಆ ಅರ್ಧ ತಾಸೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು, ಹೊರಡುವಾಗ ಮನೆಯ ಗ್ಯಾಸ್ ಬಂದ್ ಮಾಡಿದ್ದೆನೋ ಇಲ್ಲವೋ ಎಂಬ ವಿಚಾರ. ಮನೆಯಲ್ಲಿ ಹೆಂಡತಿ, ಮಗಳು ಇಬ್ಬರೂ ಇದ್ದಾರೆ, ಅದೇ ಗ್ಯಾಸಿನ ಮೇಲೆ ದಿನಾ ಅಡುಗೆ ಮಾಡಿಕೊಂಡು ಉಣ್ಣುತ್ತಿದ್ದಾರೆ ಎಂಬುದು ಹೊಳೆದದ್ದು ವಾಪಸು ಬಸ್ಸು ಹತ್ತಿದ ಮೇಲೆ. ಆದ್ದರಿಂದ ಅರಮನೆಯ ವರ್ಣನೆ ನನ್ನಿಂದಾಗದು. ಆ ದೇಶದಲ್ಲಿ ನಾನು ಮನಸ್ಸಿಟ್ಟು ಇದ್ದೆ ಎನ್ನಬಹುದಾದ ಒಂದೇ ಒಂದು ದಿನವಿದೆ. ಆ ದಿನ ನಾನು ರೇಸಿನ ರಸ್ತೆಯಲ್ಲಿ ಸ್ಪೋರ್ಟ್ಸ್ ಕಾರು ಓಡಿಸಿದೆ.

ನಗುವವರು ನಕ್ಕುಬಿಡಿ. ಶಿರಸಿಯಲ್ಲಿ ಎಲ್ಲರೂ ನಕ್ಕಾಗಿದೆ.

ನಾನು ಶಿರಸಿಯ ಯಲ್ಲಾಪುರ ನಾಕೆಯ ಹತ್ತಿರ ಡ್ರೈವಿಂಗ್ ಸ್ಕೂಲು ನಡೆಸುವವನು. ಇಪ್ಪತ್ತು ವರ್ಷದಿಂದ ಕಾರಿನ ಎಡಸೀಟಿನಲ್ಲೇ ಕೂತವನು. ಕಲಿಸುವ ಕಾರು ನೋಡಿದವರಿಗೆ ಗೊತ್ತಿರುತ್ತದೆ, ಅದರಲ್ಲಿ ಮಾಸ್ತರನ ಕಾಲಡಿಗೂ ಒಂದು ಬ್ರೇಕು ಇರುತ್ತದೆ. ಕಲಿಯುವವನು ಮರೆತರೆ ಮಾಸ್ತರ ಒತ್ತುತ್ತಾನೆ. ನನ್ನ ಬಿಳಿ ಮಾರುತಿಯಲ್ಲಿ ಕಲಿಯುವವರ ಬ್ರೇಕಿಗಿಂತ ನನ್ನ ಬ್ರೇಕಿನ ರಬ್ಬರೇ ಹೆಚ್ಚು ಸವೆದಿತ್ತು ಎಂದರೆ ನನ್ನ ಸ್ವಭಾವದ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಆ ರಬ್ಬರು ಪೂರ್ತಿ ಹೋದದ್ದು ಮಗಳು ಸುಧಾ ಕಲಿಯತೊಡಗಿದ ಮೇಲೆ. ಅವಳು ದನದ ಡಾಕ್ಟರು. ಯಲ್ಲಾಪುರದ ಕಡೆ ಕೆಲಸ ಸಿಕ್ಕಿತ್ತು, ಜೂನಿನಲ್ಲಿ ಸೇರಬೇಕಿತ್ತು. ದಿನಕ್ಕೊಂದು ಬಸ್ಸು ಹೋಗುವ ಹಳ್ಳಿಗಳು. ದನ ಕರು ಹಾಕುವುದು ಬಸ್ಸಿನ ವೇಳೆ ನೋಡಿಕೊಂಡಲ್ಲ. ಕಾರು ಬರಲೇಬೇಕು. ಬೇರೆಯವರ ಮಕ್ಕಳು ಕಲಿಯುವಾಗ ರಸ್ತೆಯಲ್ಲಿ ರಸ್ತೆಯೇ ಇರುತ್ತದೆ. ನನ್ನ ಮಗಳು ಸ್ಟೇರಿಂಗು ಹಿಡಿದಳೆಂದರೆ ಅದೇ ರಸ್ತೆಯಲ್ಲಿ ನನಗೆ ಎಮ್ಮೆ, ಲಾರಿ, ಶಾಲೆ ಬಿಟ್ಟ ಮಕ್ಕಳು, ಮುರಿದು ಬೀಳಲಿರುವ ಮರ, ಎಲ್ಲವೂ ಒಟ್ಟಿಗೆ ಕಾಣಿಸುತ್ತಿದ್ದವು. ಕಾಲು ತಾನಾಗಿ ಒತ್ತುತ್ತಿತ್ತು.

ಪರೀಕ್ಷೆಯ ದಿನ ನನ್ನ ಜಾಗದಲ್ಲಿ ಇನ್ಸ್‌ಪೆಕ್ಟರು ಕೂತರು. ಸುಧಾ ಚೆನ್ನಾಗಿಯೇ ಓಡಿಸಿದಳು. ನಿಲ್ಲಿಸಬೇಕಾದ ಗೆರೆ ಬಂತು, ಕಾರು ಗೆರೆ ದಾಟಿತು, ಆಚೆಗಿಟ್ಟಿದ್ದ ಡಬ್ಬಿಯನ್ನು ಉರುಳಿಸಿ ನಿಂತಿತು. ಡ್ರೈವಿಂಗ್ ಮಾಸ್ತರನ ಮಗಳು ಫೇಲು.

ಮನೆಗೆ ಬಂದವಳು ಅತ್ತಿರಲಿಲ್ಲ. ಊಟದ ತಾಟಿನ ಎದುರು ಕೂತು ಶಾಂತವಾಗಿ ಕೇಳಿದಳು:

“ಅಪ್ಪಯ್ಯ, ಎಂಗೆ ಒಂದು ಹೇಳು. ನಾವು ದಿನಾ ಹೋಗ್ತ್ವಲಿ, ಅಲ್ಲಿ ಕಾರು ನಿಲ್ಸದು ಆನಾ, ನೀನಾ?”

“ಇಬ್ರೂ ಹೇಳಿ ತಿಳ್ಕ.”

“ಅದೇ ತೊಂದ್ರೆ. ಆನು ಕಾಲು ಎತ್ತದ್ರೊಳಗೆ ನಿನ್ನ ಚಪ್ಪಲಿ ಸದ್ದು ಕೇಳ್ತು. ಸದ್ದು ಕೇಳಿದ ಮೇಲೆ ಎನ್ನ ಕಾಲು ಸುಮ್ನೆ ಕೂತ್ಗತ್ತು. ಇವತ್ತೂ ಆನು ನಿನ್ನ ಕಾಲು ಕಾಯ್ತಾ ಇದ್ದಿದ್ದಿ.”

ಒಳಗಿನಿಂದ ಹೆಂಡತಿ ಸರೋಜ, “ಕೂಸಿಗೆ ನಿಂಗ ಕಲ್ಸಡಿ ಮಾರಾಯ್ರೆ. ನಿಂಗ ಕಲ್ಸಿರೆ ಕಲ್ತಿದ್ದೂ ಮರೀತು,” ಎಂದಳು.

“ಇಂಗ್ಲೆಂಡಿಂದ ತಿರುಗಿ ಬಪ್ಪಷ್ಟೊತ್ತಿಗೆ ತೀರ್ಮಾನ ಮಾಡು ಅಪ್ಪಯ್ಯ,” ಎಂದಳು ಸುಧಾ. “ಕಾಲು ಸುಮ್ನಿಟ್ಗತ್ತೆ ಹೇಳಿ ಆದ್ರೆ ನೀನೇ ಕಲ್ಸು. ಆಗ್ತಿಲ್ಲೆ ಹೇಳಿ ಆದ್ರೆ ಆನು ಹುಬ್ಬಳ್ಳಿ ಅತ್ತೆ ಮನೆಲಿ ಉಳ್ಕಂಡು ಬೇರೆ ಸ್ಕೂಲಲ್ಲಿ ಕಲಿತೆ.”

ಹೋಟೆಲಿನವನ ಮಗಳು ಎದುರಿನ ಹೋಟೆಲಿಗೆ ಊಟಕ್ಕೆ ಹೋದರೆ ಹೇಗಾಗಬೇಕು? ಆದರೆ ಕಾಲು ಸುಮ್ಮನಿಡುತ್ತೇನೆ ಎಂಬ ಮಾತನ್ನು ಬಾಯಿ ಕೊಡಬಹುದು, ಕಾಲು ಕೇಳಬೇಕಲ್ಲ.

ವಿಮಾನದಲ್ಲಿ

ವಿಮಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಇಳಿಯುವಾಗ ನಾನೂ ಬ್ರೇಕು ಒತ್ತಿದೆ. ನನ್ನ ಕಾಲಡಿಯಲ್ಲಿ ಪಕ್ಕದ ಗುಜರಾತಿ ಅಜ್ಜಿಯ ಚೀಲವಿತ್ತು. ಅದರೊಳಗೆ ಏನೋ ಪಟಪಟ ಮುರಿಯಿತು. ವಿಮಾನ ಸರಿಯಾಗಿಯೇ ನಿಂತಿತು. ಅಜ್ಜಿ ಚೀಲದ ಬಾಯಿ ಬಿಚ್ಚಿ, ಹಪ್ಪಳದ ಚೂರುಗಳನ್ನು ನೋಡಿ, ಆಮೇಲೆ ನನ್ನನ್ನು ನೋಡಿದಳು. ನಾನು ಕಿಟಕಿಯ ಹೊರಗೆ ನೋಡಿದೆ. ಮೊದಲ ಸಲ ಒಂದು ದೇಶದ ನೆಲ ನೋಡುವಾಗ ಮನಸ್ಸಿನಲ್ಲಿ ಬೇರೆ ಭಾವನೆ ಇರಬೇಕಿತ್ತು.

ಇಕ್ಬಾಲನ ಟೈರ್ ಅಂಗಡಿ

ನನ್ನನ್ನು ಕರೆಸಿಕೊಂಡವನು ಇಕ್ಬಾಲ್. ಶಿರಸಿಯಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಓದದೆ ಹೊರಬಿದ್ದವರೂ ಒಟ್ಟಿಗೇ. ಅವನ ಅಪ್ಪನಿಗೆ ಯಲ್ಲಾಪುರದ ಕಾಡಿನಿಂದ ನಾಟಾದ ದಿಮ್ಮಿ ಸಾಗಿಸುವ ಲಾರಿ ಇತ್ತು. ಇಕ್ಬಾಲ್ ಅವರನ್ನು ಅಬ್ಬಾ ಎನ್ನುತ್ತಿದ್ದ, ನಾನೂ ಹಾಗೇ ಕರೆಯುತ್ತಿದ್ದೆ. ನಮಗಿಬ್ಬರಿಗೂ ಡ್ರೈವಿಂಗ್ ಕಲಿಸಿದವರು ಅವರೇ, ದೇವಿಮನೆ ಘಟ್ಟದಲ್ಲಿ, ನಾಟಾ ತುಂಬಿದ ಲಾರಿಯಲ್ಲಿ. ಆ ಘಟ್ಟದಲ್ಲಿ ತಿರುವಿನ ಆಚೆ ಏನಿದೆ ಎಂಬುದು ತಿರುಗಿದ ಮೇಲೇ ತಿಳಿಯುವುದು. ಅಬ್ಬಾ ಪ್ರತಿ ತಿರುವಿಗೂ ಮೊದಲು ಎರಡು ಗಿಡ್ಡ, ಒಂದು ಉದ್ದ ಹಾರ್ನ್ ಹೊಡೆಯುತ್ತಿದ್ದರು.

“ತಿರುವು ಅಂದ್ರೆ ಬೇರೆಯವ್ರ ಮನೆ ಬಾಗ್ಲು ಇದ್ದಂಗೆ,” ಎನ್ನುತ್ತಿದ್ದರು. “ಕೂಗ್ದೆ ಒಳಗೆ ಹೋಗ್ಬಾರ್ದು. ಸಲಾಂ ಹೊಡ್ದೇ ಹೋಗ್ಬೇಕು.”

ಆ ಸಲಾಮನ್ನು ನಾನು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ಜನಕ್ಕೆ ಕಲಿಸಿದ್ದೇನೆ. ಹೆಗ್ಗರಣೆ ದಾರಿಯಲ್ಲಿ ಎರಡು ಗಿಡ್ಡ ಒಂದು ಉದ್ದ ಕೇಳಿದರೆ, ಬರುತ್ತಿರುವುದು ನನ್ನ ವಿದ್ಯಾರ್ಥಿ ಎಂದು ಕಣ್ಣು ಮುಚ್ಚಿ ಹೇಳಬಹುದು.

ಇಕ್ಬಾಲನ ಹೆಂಡತಿಯ ಮನೆಯವರು ಇಂಗ್ಲೆಂಡಿನಲ್ಲಿದ್ದರು. ಮದುವೆಯಾಗಿ ಹೋದವನು ಉತ್ತರದ ಒಂದು ಊರಿನಲ್ಲಿ ಟೈರ್ ಅಂಗಡಿ ಇಟ್ಟ. ಅಬ್ಬಾ ತೀರಿಕೊಂಡಾಗ ಅವನಿಗೆ ಬರಲಾಗಿರಲಿಲ್ಲ. ಆ ಮಾತು ಬಂದರೆ ಅವನು ಟೈರಿನ ಮಾತು ತೆಗೆಯುತ್ತಿದ್ದ.

ನಾನು ಹೋದ ಎರಡನೇ ವಾರ ಅಂಗಡಿಯಲ್ಲಿ ಕೂತು ಸುಧಾಳ ವಿಷಯವನ್ನೆಲ್ಲ ಹೇಳಿಕೊಂಡೆ. ಅವನು ಟೈರನ್ನು ನೀರಿನಲ್ಲಿ ಅದ್ದಿ ಪಂಕ್ಚರಿನ ಗುಳ್ಳೆ ಹುಡುಕುತ್ತಲೇ ಕೇಳಿದ. ಕೊನೆಗೆ ಕೈ ಒರೆಸಿಕೊಂಡು, “ಏ ಹೆಗಡೆ, ನೀ ಖುದ್ದು ಗಾಡಿ ಓಡ್ಸಿ ಎಷ್ಟು ವರ್ಷ ಆಯ್ತು?” ಎಂದ.

“ದಿನಾ ಗಾಡಿಯಲ್ಲೇ ಇರ್ತೇನಲ್ಲ ಮಾರಾಯ.”

“ಅದು ಕೂರೋದಾಯ್ತು. ಓಡ್ಸೋದು?”

ಲೆಕ್ಕ ಹಾಕಿದೆ. ಬೆಳಿಗ್ಗೆ ಮನೆಯಿಂದ ನಾಕೆಗೆ, ಸಂಜೆ ನಾಕೆಯಿಂದ ಮನೆಗೆ. ಉಳಿದದ್ದೆಲ್ಲ ಎಡಸೀಟು.

“ಶನಿವಾರ ನನ್ನ ಜೊತೆ ಬಾ,” ಎಂದ. “ನಿನ್ನ ಹೆಸ್ರು ಬರ್ಸಿ ಆಯ್ತು.”

“ಎಂತಕ್ಕೆ?”

“ಹೇಳಿದ್ರೆ ಬರೂದಿಲ್ಲ ನೀ.”

ಹಳೇ ವಿಮಾನದ ಬಯಲು

ಅದು ಯುದ್ಧದ ಕಾಲದಲ್ಲಿ ವಿಮಾನ ಇಳಿಯುತ್ತಿದ್ದ ಬಯಲು. ಈಗ ಅಲ್ಲಿ ಹತ್ತು ತಿರುವುಗಳ ರೇಸಿನ ರಸ್ತೆ ಇದೆ. ತಿಂಗಳಿಗೆ ಒಂದೆರಡು ದಿನ ಅದನ್ನು ಸಾಮಾನ್ಯ ಜನಕ್ಕೆ ಬಿಟ್ಟುಕೊಡುತ್ತಾರೆ. ಯಾರು ಬೇಕಾದರೂ ತಮ್ಮ ಕಾರು ತಂದು ಸುತ್ತಬಹುದು. ಸ್ಪರ್ಧೆಯಲ್ಲ, ಮೊದಲು ಬಂದವರು ಯಾರೆಂದು ನೋಡುವವರಿಲ್ಲ, ಬಹುಮಾನವಿಲ್ಲ. ಸುಮ್ಮನೆ ಸುತ್ತುವುದು, ಬಂದು ಚಹಾ ಕುಡಿಯುವುದು, ಮತ್ತೆ ಸುತ್ತುವುದು. ಇಕ್ಬಾಲ್ ಅಲ್ಲಿಗೆ ಬರುವವರ ಟೈರ್ ಬದಲಿಸಲು ವ್ಯಾನು ತೆಗೆದುಕೊಂಡು ಹೋಗುತ್ತಿದ್ದ.

ರೇಸು ಎಂದರೆ ಶ್ರೀಮಂತ ಹುಡುಗರ ಗಲಾಟೆ ಎಂದುಕೊಂಡಿದ್ದೆ. ಅಲ್ಲಿದ್ದವರು ನನ್ನಂತೆಯೇ ಹೊಟ್ಟೆ ಬಂದ, ತಲೆ ಬೋಳಾದ ಗಂಡಸರು. ಕೆಲವರ ಹೆಂಡಂದಿರು ಮಡಚುವ ಕುರ್ಚಿಯಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದರು. ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ಮಾಂಸದ ಅಂಗಡಿಯವನು, ಒಬ್ಬ ಶಾಲೆ ಮಾಸ್ತರು. ನಮ್ಮ ಕಡೆ ಊರೂರಿನ ವಾಲಿಬಾಲ್ ಮ್ಯಾಚಿಗೆ ಜನ ಸೇರಿದ ಹಾಗಿತ್ತು, ಕೂಗಾಟ ಒಂದಿಲ್ಲ ಅಷ್ಟೆ.

ಕೂಗಾಟ ಇಲ್ಲದಿರಲು ಕಾರಣವಿತ್ತು. ಬಯಲಿನ ಆಚೆ ಒಂದು ಹಳ್ಳಿ. ಸದ್ದು ಹೆಚ್ಚಾದರೆ ಅವರು ದೂರು ಕೊಡುತ್ತಾರೆ. ಹಾಗಾಗಿ ಒಬ್ಬ ಮನುಷ್ಯ ಪ್ರತಿ ಕಾರಿನ ಹಿಂದೆ ಮೊಣಕಾಲೂರಿ, ಹೊಗೆಕೊಳವೆಯ ಹತ್ತಿರ ಯಂತ್ರ ಹಿಡಿದು ಸದ್ದು ಅಳೆಯುತ್ತಿದ್ದ. ನಮ್ಮಲ್ಲಿ ಗಾಡಿ ಪರೀಕ್ಷೆಗೆ ಹೋದರೆ ಹಾರ್ನು ಬಾರಿಸಿ ತೋರಿಸಬೇಕು. ಇಲ್ಲಿ ಸದ್ದಿಲ್ಲವೆಂದು ತೋರಿಸಬೇಕು. ಈ ವ್ಯತ್ಯಾಸವನ್ನು ನಾನು ಆಗಲೇ ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು.

ಸ್ವಂತ ಕಾರಿಲ್ಲದವರಿಗೆ ಅವರೇ ಬಾಡಿಗೆಗೆ ಕೊಡುತ್ತಾರೆ. ನನಗೆ ಕೊಟ್ಟದ್ದು ಚಾವಣಿಯಿಲ್ಲದ ಹಸಿರು ಕಾರು. ಎಷ್ಟು ಗಿಡ್ಡವೆಂದರೆ ಒಳಗೆ ಕೂತರೆ ನೆಲದ ಮೇಲೆ ಊಟಕ್ಕೆ ಕೂತ ಹಾಗೆ. ತಲೆಗೆ ಹೆಲ್ಮೆಟ್ಟು. ಕಲಿಸಲು ಬಂದವಳು ಜೋನ್ ಎಂಬ ಎಪ್ಪತ್ತರ ಅಜ್ಜಿ. ಉಣ್ಣೆಯ ಟೊಪ್ಪಿಗೆ ತೆಗೆದು ಹೆಲ್ಮೆಟ್ಟು ಹಾಕಿಕೊಂಡಳು. ಕೈಯಲ್ಲಿ ಪುದೀನಾ ಪೆಪ್ಪರಮಿಂಟಿನ ಡಬ್ಬಿ.

“ನೀವೂ ಕಲಿಸುವವರಂತೆ,” ಎಂದಳು. “ಕಲಿಸುವವರು ನನ್ನ ಅತ್ಯಂತ ಕೆಟ್ಟ ವಿದ್ಯಾರ್ಥಿಗಳು.”

ನಾನು ಬಗ್ಗಿ ಅವಳ ಕಾಲಡಿ ನೋಡಿದೆ. ಅಲ್ಲಿ ಬ್ರೇಕು ಇರಲಿಲ್ಲ. ಬರೀ ನೆಲ.

ಮೊದಲ ಮೂರು ಸುತ್ತು

ಇಂಗ್ಲೆಂಡಿನಲ್ಲೂ ಸ್ಟೇರಿಂಗು ಬಲಗಡೆಗೇ ಇರುವುದು ನನಗಿದ್ದ ಒಂದೇ ಸಮಾಧಾನ. ಗೇರು ಹಾಕಿ ಹೊರಟೆ.

ರಸ್ತೆ ನಾಲ್ಕು ಲಾರಿ ಒಟ್ಟಿಗೆ ಹೋಗುವಷ್ಟು ಅಗಲ, ಸಾರಿಸಿದ ಹಾಗೆ ನುಣುಪು. ಎದುರಿನಿಂದ ಏನೂ ಬರುವುದಿಲ್ಲ. ಎಲ್ಲರೂ ಒಂದೇ ದಿಕ್ಕಿಗೆ. ಅದನ್ನು ಬೆಳಿಗ್ಗೆ ಎರಡು ಸಲ ಹೇಳಿದ್ದರು. ತಲೆಗೆ ಅರ್ಥವಾಗಿತ್ತು. ಆದರೆ ಎದುರಿಗೆ ಬರುವುದನ್ನು ಊಹಿಸುವುದೇ ನನ್ನ ಜೀವಮಾನದ ವಿದ್ಯೆ. ಮೊದಲ ತಿರುವು ಹತ್ತಿರ ಬಂದಾಗ ಅದರಾಚೆ ನನಗೆ ಸರ್ಕಾರಿ ಬಸ್ಸು ಕಂಡಿತು, ಅದರ ಹಿಂದೆ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರು. ಹೆಬ್ಬೆರಳು ತಾನಾಗಿ ಹೋಯಿತು. ಎರಡು ಗಿಡ್ಡ, ಒಂದು ಉದ್ದ.

ಜೋನ್ ಏನೋ ಹೇಳಿದಳು. ಹೆಲ್ಮೆಟ್ಟಿನೊಳಗೆ ಕೇಳಿಸಲಿಲ್ಲ. ಎರಡನೇ ತಿರುವಿಗೂ ಸಲಾಂ ಹೊಡೆದೆ. ಹತ್ತಕ್ಕೆ ಹತ್ತೂ.

ಒಂದು ವಿಷಯದಲ್ಲಿ ಮಾತ್ರ ನಾನು ಹುಟ್ಟಾ ಜಾಣನಾಗಿದ್ದೆ. ಅಲ್ಲಿ ಯಾರೂ ತಾನಾಗಿ ಮುಂದೆ ನುಗ್ಗುವಂತಿಲ್ಲ. ಮುಂದಿರುವವನು ಕೈ ಹೊರಗೆ ಹಾಕಿ, ಈ ಕಡೆಯಿಂದ ಹೋಗು ಎಂದು ತೋರಿಸಿದರೆ ಮಾತ್ರ ಹಿಂದಿನವನು ಹೋಗಬೇಕು. ಘಟ್ಟದಲ್ಲಿ ಲಾರಿಯವರು ಮಾಡುವುದೂ ಅದನ್ನೇ. ನಾನು ಕೈ ಹೊರಗಿಟ್ಟವನು ಒಳಗೆ ತೆಗೆದುಕೊಳ್ಳಲೇ ಇಲ್ಲ. ಹಲ್ಲಿನ ಡಾಕ್ಟರು ಹೋದ, ಮಾಂಸದಂಗಡಿಯವನು ಹೋದ, ಕೊನೆಗೆ ಅವನ ಹೆಂಡತಿಯೂ ಹೋದಳು. ಎಲ್ಲರೂ ಕೈ ಎತ್ತಿ ಥ್ಯಾಂಕ್ಸ್ ಹೇಳಿದರು. ಅಷ್ಟು ಜನಪ್ರಿಯನಾಗಿ ನಾನು ಎಂದೂ ಗಾಡಿ ಓಡಿಸಿರಲಿಲ್ಲ.

ಮೂರನೇ ಸುತ್ತಿನ ಕೊನೆಗೆ ಗೋಪುರದಂಥ ಕಟ್ಟೆಯ ಮೇಲಿದ್ದವನು ಕಪ್ಪು ಬಾವುಟ ತೋರಿಸಿದ. ನಾನು ಅವನಿಗೂ ಕೈ ಬೀಸಿದೆ.

“ಅದು ನಿಮಗೆ,” ಎಂದು ಜೋನ್ ಕಿವಿಯ ಹತ್ತಿರ ಬಂದು ಕೂಗಿದಳು. “ಹೊರಗೆ ಬರಬೇಕಂತೆ.”

ಕಪ್ಪು ಬಾವುಟ

ತಪ್ಪು ಮಾಡಿದವರನ್ನು ಹೊರಗೆ ಕರೆಯುವ ಬಾವುಟ ಅದು. ಅತಿ ವೇಗವಾಗಿ ಹೋಗಿ ಅದನ್ನು ತೋರಿಸಿಕೊಂಡವರು ಬೇಕಾದಷ್ಟಿದ್ದಾರೆ. ಹಾರ್ನಿಗೆ ತೋರಿಸಿಕೊಂಡವನು ಆ ಬಯಲಿನ ಚರಿತ್ರೆಯಲ್ಲೇ ಮೊದಲಿಗನಿರಬೇಕು.

ಉಸ್ತುವಾರಿಯವನು ಬಹಳ ಮರ್ಯಾದೆಯಿಂದ, “ಕಾರಿನಲ್ಲಿ ಏನಾದರೂ ತೊಂದರೆಯೆ ಸರ್? ಯಾರಾದರೂ ನಿಮಗೆ ಅಡ್ಡ ಬಂದಿದ್ದಾರೆಯೆ?” ಎಂದು ಕೇಳಿದ. ಆ ದೇಶದಲ್ಲಿ ಹಾರ್ನು ಹೊಡೆಯುವುದೆಂದರೆ ಬೈಯುವುದು. ಅಷ್ಟರಲ್ಲಿ ಕೆಂಪು ಕಾರಿನಿಂದಿಳಿದ ಶಾಲೆ ಮಾಸ್ತರು ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು ಬಂದು ನನ್ನ ಕೈ ಹಿಡಿದು, “ನಿಮ್ಮ ದಾರಿಗೆ ಅಡ್ಡವಾಗಿದ್ದಕ್ಕೆ ಕ್ಷಮಿಸಿ, ನನಗೆ ತಿಳಿಯಲೇ ಇಲ್ಲ,” ಎಂದ. ನನ್ನನ್ನು ಎರಡು ಸಲ ದಾಟಿ ಹೋದವನು ಅವನು. ಮೂವತ್ತು ಸಲಾಮು ಹೊಡೆದು ಊರಿಗೆಲ್ಲ ಬೈದು ಬಂದಿದ್ದೆ ನಾನು.

ತಿರುವಿಗೆ ಹಾರ್ನು ಹೊಡೆಯುವುದು ನಮ್ಮಲ್ಲಿ ಸಭ್ಯತೆ ಎಂದು ವಿವರಿಸಿದೆ. “ಆದರೆ ಎದುರಿಗೆ ಯಾರೂ ಬರುವುದಿಲ್ಲವಲ್ಲ,” ಎಂದ ಉಸ್ತುವಾರಿಯವನು. ಮತ್ತೆ ಹೊಡೆದರೆ ಮನೆಗೆ ಕಳಿಸುತ್ತೇನೆ ಎಂಬುದನ್ನು ಅವನು ಇನ್ನೂ ಹೆಚ್ಚಿನ ಮರ್ಯಾದೆಯಿಂದ ಹೇಳಿದ.

ಇಕ್ಬಾಲ್ ವ್ಯಾನಿಗೆ ಒರಗಿ ನಿಂತಿದ್ದ. ಈಗ ವರ್ಷಗಟ್ಟಲೆ ಕೇಳಬೇಕಾದ ತಮಾಷೆ ಶುರುವಾಗುತ್ತದೆ ಎಂದುಕೊಂಡು ಹತ್ತಿರ ಹೋದೆ. ಅವನು ನಗುತ್ತಿರಲಿಲ್ಲ. ಸ್ಪ್ಯಾನರಿನಿಂದ ಸುಮ್ಮನೆ ಟೈರು ಕುಟ್ಟುತ್ತಿದ್ದ.

“ಕಾರು ಕಾಣ್ತಿರ್ಲಿಲ್ಲ ಇಲ್ಲಿಗೆ,” ಎಂದ. “ಹಾರ್ನ್ ಒಂದೇ ಕೇಳ್ತಿತ್ತು. ಅಬ್ಬಾ ಘಟ್ಟ ಹತ್ತಿ ಬಂದ್ರು ಅನ್ಸಿತು ಮಾರಾಯ.”

ನಾನು ಹೆಲ್ಮೆಟ್ಟು ತೆಗೆದು ಅವನ ಪಕ್ಕದಲ್ಲೇ ವ್ಯಾನಿಗೆ ಒರಗಿದೆ. ಅವನು ಇನ್ನೊಂದು ಸಲ ಟೈರು ಕುಟ್ಟಿ, “ಹೋಗು, ಚಾ ಕುಡಿ. ಮೂವತ್ತು ಸಲ ಹೊಡ್ದೆ ಕತ್ತೆ ನೀನು, ಎಣ್ಸಿದೆ,” ಎಂದ.

ಚಹಾದ ಕೋಣೆ

ಅಲ್ಲಿಯ ಚಹಾ ನಮ್ಮ ಕಷಾಯದ ದೂರದ, ಬಡ ಸಂಬಂಧಿ. ಅದನ್ನು ಹಿಡಿದುಕೊಂಡು ಜೋನ್ ಎದುರು ಕೂತೆ. ಮೂರೂ ಸುತ್ತಿನಲ್ಲಿ ನನ್ನನ್ನು ಕಾಡಿದ್ದ ಪ್ರಶ್ನೆ ಕೇಳಿಯೇಬಿಟ್ಟೆ.

“ನಿಮ್ಮ ಕಡೆ ಬ್ರೇಕಿಲ್ಲ. ಭಯವಾಗುವುದಿಲ್ಲವೆ?”

“ಆಗುತ್ತದೆ. ಹತ್ತು ತಿರುವಿನಲ್ಲಿ ಎಂಟರಲ್ಲಿ ಆಗುತ್ತದೆ. ನಿಮ್ಮ ಜೊತೆ ಆಗಲಿಲ್ಲ, ನೀವು ನಡೆದುಕೊಂಡು ಹೋದಿರಿ.”

“ಭಯವಾದಾಗ ಏನು ಮಾಡುತ್ತೀರಿ?”

ಅವಳು ಮೇಜಿನ ಕೆಳಗಿಂದ ಕಾಲು ಹೊರಗೆ ಚಾಚಿ ತೋರಿಸಿದಳು. ಒಂದು ಕಣಕಾಲಿನ ಮೇಲೊಂದು ಕಣಕಾಲು, ಕತ್ತರಿಯ ಹಾಗೆ. ಎರಡೂ ಬೂಟಿನ ಒಳಮೈಯ ಬಣ್ಣ ಉಜ್ಜಿ ಉಜ್ಜಿ ಹೋಗಿತ್ತು.

“ಕಟ್ಟಿಹಾಕಿಕೊಳ್ಳುತ್ತೇನೆ. ನನ್ನ ಕಾಲು ನೆಲ ಒತ್ತಿದರೆ ಪಕ್ಕದವನಿಗೆ ಗೊತ್ತಾಗುತ್ತದೆ, ಮಿಸ್ಟರ್ ಹೆಗ್ಡೀ. ಅವನು ನೋಡದಿದ್ದರೂ ಗೊತ್ತಾಗುತ್ತದೆ. ಆಮೇಲೆ ಅವನು ರಸ್ತೆ ಬಿಟ್ಟು ನನ್ನ ಕಾಲನ್ನೇ ಗಮನಿಸಲು ಶುರುಮಾಡುತ್ತಾನೆ.”

ಊಟದ ತಾಟಿನ ಎದುರು ಸುಧಾ ಹೇಳಿದ್ದೂ ಇದನ್ನೇ. ಮಗಳು ನನ್ನ ಮನೆಯಲ್ಲೇ, ನನ್ನದೇ ಭಾಷೆಯಲ್ಲಿ ಹೇಳಿದ ಮಾತು ತಲೆಗೆ ಹೋಗಲು ನಾನು ಸಮುದ್ರ ದಾಟಿ ಬರಬೇಕಾಯಿತು. ಆದರೂ ನಾನು ಚಿಂತೆಯ ಮನುಷ್ಯ, ಅಷ್ಟು ಸುಲಭಕ್ಕೆ ಒಪ್ಪುವವನಲ್ಲ.

“ಇಲ್ಲಿ ತಪ್ಪಿದರೆ ಹುಲ್ಲಿದೆ,” ಎಂದೆ. “ನಮ್ಮ ಘಟ್ಟದಲ್ಲಿ ತಪ್ಪಿದರೆ ಕಣಿವೆ. ನನ್ನ ಮಗಳು ಕಲಿಯುವುದು ಅಲ್ಲಿ.”

ಜೋನ್ ಬಹಳ ಹೊತ್ತು ಯೋಚಿಸಿದಳು. ಇದು ನನಗೆ ಇಷ್ಟವಾಯಿತು. ನಮ್ಮ ಕಡೆ ಇಂಥ ಮಾತಿಗೆ ಯಾರಾದರೂ ತಕ್ಷಣ ಧೈರ್ಯ ಹೇಳಿಬಿಡುತ್ತಾರೆ.

“ಹಾಗಾದರೆ ನಿಮ್ಮ ಭಯ ಸರಿ,” ಎಂದಳು ಕೊನೆಗೆ. “ಆದರೆ ಕಣಿವೆಯ ಹತ್ತಿರ ನಿಮ್ಮ ಕಾಲೂ ಪ್ರತಿಸಲ ಇರುವುದಿಲ್ಲವಲ್ಲ. ಮೊದಲು ಹುಲ್ಲಿರುವ ಜಾಗ ಹುಡುಕಿ. ಅಲ್ಲಿ ಅವಳು ತಪ್ಪಲಿ.”

ಪೆಪ್ಪರಮಿಂಟಿನ ಡಬ್ಬಿ ನನ್ನ ಕಡೆಗೆ ಚಾಚಿದಳು.

ಉಳಿದ ನಾಲ್ಕು ಸುತ್ತು

ಮತ್ತೆ ಹೊರಟಾಗ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಟ್ಟುಕೊಂಡೆ. ನಾಲ್ಕನೇ ಸುತ್ತಿನಲ್ಲಿ ಜೋನ್ ಎಲ್ಲ ಹೇಳಿಕೊಟ್ಟಳು: ಈಗ ಬ್ರೇಕು, ಈಗ ತಿರುಗಿಸಿ, ಕಣ್ಣು ತಿರುವಿನ ಕೊನೆಗೆ. ಐದನೆಯದರಲ್ಲಿ ಅರ್ಧ ಹೇಳಿದಳು. ಆರನೆಯದರಲ್ಲಿ ಬಾಯಿ ಮುಚ್ಚಿ ಕೂತಳು.

ಉದ್ದನೆಯ ನೇರ ರಸ್ತೆಯ ಕೊನೆಗೆ ಬಲಕ್ಕೊಂದು ತಿರುವು. ಮೊದಲ ಸಲ ನಾನು ಆಕ್ಸಿಲರೇಟರನ್ನು ನಿಜವಾಗಿ ಒತ್ತಿದ್ದೆ. ಬೆನ್ನ ಹಿಂದಿನ ಇಂಜಿನ್ನು ಯಾರೋ ಹಾಸಿಗೆ ಹರಿದ ಹಾಗೆ ಸದ್ದು ಮಾಡುತ್ತಿತ್ತು. ತಿರುವು ನನ್ನ ಕಡೆಗೆ ಬರತೊಡಗಿತು. ಆಗ ನಾನು ಮಾಡಿದ್ದು ಇಷ್ಟು: ಕಾದೆ. ಎಡಗಡೆಯಿಂದ ಒಂದು ಮಾತು ಬರುತ್ತದೆ, ಒಂದು ಬೂಟಿನ ಸದ್ದು ಬರುತ್ತದೆ ಎಂದು ಕಾದೆ. ಬರಲಿಲ್ಲ. ಕಣ್ಣಂಚಿನಲ್ಲಿ ನೋಡಿದೆ. ಜೋನ್ ಕತ್ತರಿಗಾಲು ಹಾಕಿಕೊಂಡು ಪೆಪ್ಪರಮಿಂಟು ಚೀಪುತ್ತಿದ್ದಳು.

ಒತ್ತುವಷ್ಟರಲ್ಲಿ ತಡವಾಗಿತ್ತು. ಕಾರು ತಿರುವನ್ನು ಬಿಟ್ಟು, ಹುಲ್ಲಿನ ಮೇಲೆ ಇಳಿದು, ಒಂದರ್ಧ ಸುತ್ತು ತಿರುಗಿ, ಬಂದ ದಾರಿಯನ್ನೇ ನೋಡುತ್ತ ನಿಂತಿತು. ಧೂಳು. ಎಲ್ಲೋ ಒಂದು ಹಕ್ಕಿ.

ಪರೀಕ್ಷೆಯ ದಿನ ಸುಧಾಳಿಗೆ ಆದದ್ದು ಇದು. ಆ ದಿನ ನಾನು ದೂರ ನಿಂತು, ‘ಇಷ್ಟು ಕಲಿಸಿದರೂ ಬ್ರೇಕು ಮರೆತಳಲ್ಲ’ ಎಂದುಕೊಂಡಿದ್ದೆ. ಮರೆತಿರಲಿಲ್ಲ ಅವಳು. ಕಾಯುತ್ತಿದ್ದಳು. ಕಾಯುವುದನ್ನೇ ನಾನು ಕಲಿಸಿದ್ದೆ, ತಿಂಗಳುಗಟ್ಟಲೆ, ಚಪ್ಪಲಿಯ ಸದ್ದಿನಲ್ಲಿ.

“ಪೆಟ್ಟಾಯಿತೆ?” ಎಂದಳು ಜೋನ್.

“ಇಲ್ಲ.”

“ಹಾಗಾದರೆ ಇನ್ನೊಂದು ಸುತ್ತಿದೆ.”

ಏಳನೇ ಸುತ್ತು. ಅದೇ ನೇರ ರಸ್ತೆ, ಅದೇ ತಿರುವು. ಈ ಸಲ ಎಡಗಡೆ ನೋಡಲಿಲ್ಲ. ಎಲ್ಲಿ ಒತ್ತಬೇಕೆಂದು ನನ್ನ ಕಾಲಿಗೇ ತೋಚಿತು, ಒತ್ತಿದೆ. ಕಾರು ತಲೆ ತಗ್ಗಿಸಿ, ತಿರುಗಿ, ಮತ್ತೆ ನೇರವಾಯಿತು. ಬಹಳ ವೇಗವೇನೂ ಇರಲಿಲ್ಲ. ಮಾಂಸದಂಗಡಿಯವನ ಹೆಂಡತಿ ಆಗಲೂ ನನ್ನನ್ನು ದಾಟಿ ಹೋದಳು. ಆದರೆ ಹಾಗೆ ಒಂದು ಗಾಡಿಯನ್ನು ನಾನೊಬ್ಬನೇ ತಿರುಗಿಸಿ ಎಷ್ಟು ಕಾಲವಾಗಿತ್ತೋ.

“ಆ ತಿರುವು ನಿಮ್ಮದು,” ಎಂದಳು ಜೋನ್. ಅಷ್ಟೇ ಹೇಳಿದ್ದು.

ಬನವಾಸಿ, ಆಮೇಲೆ ಯಲ್ಲಾಪುರ

ಊರಿಗೆ ಬಂದ ಮಾರನೇ ದಿನವೇ ಮಾರುತಿಯನ್ನು ಗ್ಯಾರೇಜಿಗೆ ಒಯ್ದು, ನನ್ನ ಕಡೆಯ ಬ್ರೇಕಿನ ಸರಳು ಬಿಚ್ಚಲು ಹೇಳಿದೆ. ಮೆಕ್ಯಾನಿಕ್ಕು ನನ್ನ ಮುಖ ನೋಡಿ, “ಮಾಸ್ತರೇ, ಹುಷಾರಿದ್ದೀರಿ ತಾನೆ?” ಎಂದ. ಬೇರೆಯವರ ಮಕ್ಕಳು ಕಲಿಯುವಾಗ ತಿರುಗಿ ಹಾಕಿಸುತ್ತೇನೆ, ಮಗಳ ತರಬೇತಿ ಮುಗಿಯುವವರೆಗೆ ಮಾತ್ರ ಬೇಡ ಎಂದೆ. ನನ್ನ ಕೆಲಸದ ನಿಯಮಕ್ಕೆ ಇದು ವಿರುದ್ಧ, ಕಲಿಸುವವರು ಇದನ್ನು ಅನುಸರಿಸಬಾರದು ಎಂದು ಇಲ್ಲಿಯೂ ಬರೆದಿಡುತ್ತೇನೆ. ನೋಡಿ, ಚಿಂತೆ ಹೋಗುವುದಿಲ್ಲ.

ಹುಲ್ಲಿರುವ ಜಾಗ ಹುಡುಕಿ ಎಂದಿದ್ದಳಲ್ಲ, ನಾವು ಬನವಾಸಿಯ ಕಡೆ ಹೋದೆವು. ಅಲ್ಲಿ ನೆಲ ಸಪಾಟು. ಗದ್ದೆ ಕೊಯ್ದು ಒಣಗಿತ್ತು. ಪರಿಚಯದವರ ಗದ್ದೆಯಲ್ಲಿ ಸುಧಾ ಒಂದು ವಾರ ಕಾರು ಓಡಿಸಿದಳು. ಎರಡು ಸಲ ಗದ್ದೆಯ ಬದು ಹತ್ತಿಸಿದಳು, ಒಂದು ಸಲ ಕಾರು ಅಡ್ಡ ನಿಂತಿತು. ನಾನು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ಕತ್ತರಿಗಾಲು ನನ್ನಂಥವನಿಗೆ ಸಾಲದು, ಅದು ಬಿಚ್ಚಿಕೊಳ್ಳುತ್ತದೆ. ಎರಡನೇ ಪರೀಕ್ಷೆಯಲ್ಲಿ ಅವಳು ಗೆರೆಯ ಮೇಲೆ ಚಕ್ರ ಕೂರಿಸಿದ ಹಾಗೆ ನಿಲ್ಲಿಸಿದಳು.

ಕೆಲಸಕ್ಕೆ ಸೇರುವ ದಿನ ಯಲ್ಲಾಪುರಕ್ಕೆ ಅವಳೇ ಓಡಿಸಿದಳು, ನಾನು ಪಕ್ಕದಲ್ಲಿ ಅದೇ ಚಕ್ಕಳಮಕ್ಕಳ ಹಾಕಿ ಕೂತೆ. ಮಂಚಿಕೇರಿ ದಾಟಿ ಬೇಡ್ತಿ ಸೇತುವೆಗೆ ಇಳಿಯುವ ದಾರಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ನಾನು ನೋಡದಿರಲು ಪ್ರಯತ್ನಿಸುತ್ತಿದ್ದ ಆಳ. ತಿರುವಿನ ಮೊದಲು ಸುಧಾ ಎರಡು ಗಿಡ್ಡ, ಒಂದು ಉದ್ದ ಹೊಡೆದಳು. ಈ ಸಲ ತಿರುವಿನಾಚೆಯಿಂದ ಉತ್ತರ ಬಂತು. ಬಸ್ಸು. ನಾನು ಊಹಿಸಿಕೊಂಡ ಬಸ್ಸಲ್ಲ, ನಿಜವಾದದ್ದು, ಏರು ಹತ್ತುತ್ತ, ರಸ್ತೆಯನ್ನೆಲ್ಲ ತುಂಬಿಕೊಂಡು ಬಂತು.

ನನ್ನ ಎರಡೂ ಕೈಗಳು ನನ್ನ ಕಾಲಿನ ಎರಡೂ ಹೆಬ್ಬೆರಳುಗಳನ್ನು ಹಿಡಿದುಕೊಂಡವು.

ಕಾರು ನಿಂತಿತು. ಎಳೆತವಿಲ್ಲದೆ, ಗುಡ್ಡದ ಬದಿಗೆ ಸರಿದು, ಬಸ್ಸಿಗೆ ಬೇಕಾದಷ್ಟು ಜಾಗ ಬಿಟ್ಟು ನಿಂತಿತು. ಡ್ರೈವರು ಕೈ ಎತ್ತಿ ಏರು ಹತ್ತಿ ಹೋದ. ಸುಧಾ ಇಂಜಿನ್ನು ಬಂದ್ ಮಾಡಿ ನನ್ನ ಕಡೆ ತಿರುಗಿದಳು.

“ಅಪ್ಪಯ್ಯ, ಈಗ ನಿಲ್ಸಿದ್ದು ಯಾರು?”

ನಾನು ನನ್ನ ಮಡಿಲಲ್ಲಿದ್ದ ಪಾದಗಳನ್ನು ತೋರಿಸಿದೆ. ಅವಳು ನೋಡಿದಳು. ಆಮೇಲೆ ಇಂಜಿನ್ನು ಶುರುಮಾಡಿ ಗೇರು ಹಾಕಿದಳು.

ಯಲ್ಲಾಪುರದ ದನದ ಆಸ್ಪತ್ರೆಯ ಎದುರು ಕಾರು ನಿಂತಾಗ ನನಗೆ ಇಳಿಯಲಾಗಲಿಲ್ಲ. ಸೊಂಟದಿಂದ ಕೆಳಗೆ ಪೂರಾ ಜೋಮು. ಸುಧಾ ಸುತ್ತಿ ಬಂದು ಬಾಗಿಲು ತೆಗೆದು, ನನ್ನ ಕಾಲನ್ನು ಒಂದೊಂದಾಗಿ ಎತ್ತಿ ಹೊರಗಿಟ್ಟು, ತೋಳು ಕೊಟ್ಟು ನಿಲ್ಲಿಸಿದಳು. ಹೊಸ ಡಾಕ್ಟರನ್ನು ನೋಡಲು ಆಗಷ್ಟೇ ಬಾಗಿಲಿಗೆ ಬಂದ ಹಾವೇರಿ ಕಡೆಯ ಜವಾನ ಗಾಬರಿಯಿಂದ ಓಡಿ ಬಂದ.

“ಯಜಮಾನ್ರಿಗೆ ಏನಾತ್ರಿ ಮೇಡಂ?”

“ಏನೂ ಆಗ್ಲಿಲ್ಲ. ಕಾಲು ಜೋಮು ಹಿಡಿದದೆ.”

“ದಾರಿ ಉದ್ದಕ್ಕೂ ಗಾಡಿ ಹೊಡ್ದು ಹೊಡ್ದು ಹಂಗಾಗಿರ್ಬೇಕ್ರಿ.”

“ಇಲ್ಲ,” ಎಂದಳು ಸುಧಾ, ನನ್ನ ತೋಳು ಬಿಡದೆ. “ಹೊಡೀದೆ ಸುಮ್ನೆ ಕೂತು.”